ಸಂಬಳಕ್ಕೆ ಜಪ್ತಿ ಬಂದಿದೆ, ಮನೆಯಲ್ಲಿ ಇನ್ನೂ ಹೇಳಿಲ್ಲ

ಪ್ರಶ್ನೆ: ಖಾಸಗಿ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಕೆಲಸ ಮಾಡುತ್ತೇನೆ. ಎಲ್ಲ ಸೇರಿ ತಿಂಗಳಿಗೆ 31,000 ರೂಪಾಯಿ ಸಂಬಳ. ನನ್ನ ಭಾವಮೈದ ಅಂಗಡಿ ಇಡಲು ಫೈನಾನ್ಸಿನಲ್ಲಿ ಮೂರು ಲಕ್ಷ ಸಾಲ ಎತ್ತಿದಾಗ ಜಾಮೀನು ಹಾಕಿದ್ದೆ. ಅವನು ಅಂಗಡಿ ಮುಚ್ಚಿ ಊರು ಬಿಟ್ಟ, ಫೋನ್ ಎತ್ತುವುದಿಲ್ಲ. ಕೋರ್ಟಿನಿಂದ ಬಂದ ರಿಜಿಸ್ಟರ್ ಪೋಸ್ಟನ್ನು ಹೆದರಿ ವಾಪಸ್ ಕಳಿಸಿದೆ. ನಡುವೆ ಫೈನಾನ್ಸಿನ ಹುಡುಗನ ಕೈಗೆ ನಲವತ್ತು ಸಾವಿರ ಕೊಟ್ಟೆ, ರಸೀದಿ ಇಲ್ಲ. ಈಗ ಆಫೀಸಿಗೇ ಸಂಬಳ ಜಪ್ತಿಯ ಆದೇಶ ಬಂದಿದೆ. ಪೂರ್ತಿ ಸಂಬಳ ಹೋಗುತ್ತದೆಯೇ? ಜೈಲಿಗೆ ಹಾಕುತ್ತಾರೆಯೇ? ಕೆಲಸ ಬಿಟ್ಟುಬಿಡು, ಸೈಟನ್ನು ಹೆಂಡತಿ ಹೆಸರಿಗೆ ಮಾಡಿಸು ಅಂತ ಸ್ನೇಹಿತರು ಹೇಳುತ್ತಿದ್ದಾರೆ. ಹೆಂಡತಿಗೆ ಇದಾವುದೂ ಗೊತ್ತಿಲ್ಲ.
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಮೊದಲು ಲೆಕ್ಕ ಮಾಡೋಣ, ಅರ್ಧ ಭಯ ಅಲ್ಲಿಗೇ ಇಳಿಯುತ್ತದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ ಸಂಬಳದ ಮೊದಲ ಸಾವಿರ ರೂಪಾಯಿಯನ್ನೂ, ಮಿಕ್ಕಿದ್ದರಲ್ಲಿ ಮೂರರಲ್ಲಿ ಎರಡು ಪಾಲನ್ನೂ ಸಾಲ ಕೊಟ್ಟವರು ಮುಟ್ಟುವಂತಿಲ್ಲ. ನಿಮ್ಮ 31,000ದಲ್ಲಿ ಸಾವಿರ ತೆಗೆದಿಡಿ. ಉಳಿದ 30,000ದಲ್ಲಿ 20,000 ನಿಮ್ಮದೇ. ಜಪ್ತಿಗೆ ಸಿಗುವುದು ತಿಂಗಳಿಗೆ 10,000. ಪಿಎಫ್ ಮುಂತಾದ ಕಡಿತ ಉಳಿದ ದುಡ್ಡಿನಲ್ಲೇ ಹೋಗುವುದರಿಂದ ಕೈಗೆ ಬರುವುದು 21,000ಕ್ಕಿಂತ ಕಡಿಮೆ ಇರುತ್ತದೆ. ಇಷ್ಟರಲ್ಲಿ ಸಂಸಾರ ತೂಗಿಸುವುದು ಕಷ್ಟ, ಒಪ್ಪುತ್ತೇನೆ. ಆದರೆ ನೀವು ಹೆದರಿದ ಹಾಗೆ ಒಲೆ ಆರುವ ಪರಿಸ್ಥಿತಿ ಅಲ್ಲ. (ಈ ಲೆಕ್ಕ ಸಾಲದ ಡಿಕ್ರಿಗೆ, ಅಂದರೆ ಸಾಲ ಕಟ್ಟಬೇಕೆಂಬ ಕೋರ್ಟಿನ ತೀರ್ಪಿಗೆ ಮಾತ್ರ. ಹೆಂಡತಿ ಮಕ್ಕಳ ಜೀವನಾಂಶದ ಡಿಕ್ರಿಯಾದರೆ ಉಳಿಯುವುದು ಮೂರರಲ್ಲಿ ಒಂದೇ ಪಾಲು.)

ಈ ಜಪ್ತಿಗೊಂದು ಕೊನೆಯೂ ಇದೆ, ಅದನ್ನು ಫೈನಾನ್ಸಿನವರು ಹೇಳುವುದಿಲ್ಲ. ಒಂದೇ ಡಿಕ್ರಿಗಾಗಿ ಒಟ್ಟು 24 ತಿಂಗಳು ಸಂಬಳ ಜಪ್ತಿಯಾದರೆ, ಆಮೇಲೆ ಆ ಡಿಕ್ರಿಗೆ ನಿಮ್ಮ ಸಂಬಳ ಸಿಗುವುದಿಲ್ಲ. ಸಾಲ ಮಾತ್ರ ತೀರಿದಂತಲ್ಲ, ಬಾಕಿಗೆ ಸೈಟಿನಂಥ ಆಸ್ತಿಯ ಮೇಲೆ ಹೋಗಬಹುದು. ‘ಪೂರ್ತಿ ಸಂಬಳ ಹಿಡಿಯಲು ಒಪ್ಪಿದ್ದೇನೆ’ ಎಂಬ ಕಾಗದಕ್ಕೆ ಸಾಲದ ದಿನವೇ ನಿಮ್ಮಿಂದ ಸಹಿ ಹಾಕಿಸಿಕೊಂಡಿದ್ದರೂ ಚಿಂತಿಸಬೇಡಿ. ಈ ರಕ್ಷಣೆಯನ್ನು ಬಿಟ್ಟುಕೊಡುವ ಕರಾರೇ ಅಸಿಂಧು ಎಂದು ಅದೇ 60ನೇ ಕಲಮು ಹೇಳುತ್ತದೆ.

ಕಾರ್ಖಾನೆಯ ಲೆಕ್ಕಪತ್ರದವರ ಮೇಲೆ ಸಿಟ್ಟಾಗಬೇಡಿ. ಆದೇಶ ತಲುಪಿದ ಮೇಲೂ ಅವರು ನಿಮಗೆ ಪೂರ್ತಿ ಸಂಬಳ ಕೊಟ್ಟರೆ, ಆ ದುಡ್ಡಿಗೆ ಮಾಲೀಕರೇ ಹೊಣೆಯಾಗುತ್ತಾರೆ. ಆದೇಶದ ಪ್ರತಿ ಕೇಳಿ ತೆಗೆದುಕೊಳ್ಳಿ. ಅವರು ಎಷ್ಟು ಹಿಡಿಯುತ್ತಿದ್ದಾರೆಂದು ಮೇಲಿನ ಲೆಕ್ಕದೊಂದಿಗೆ ತಾಳೆ ನೋಡಿ. ಹೆಚ್ಚು ಹಿಡಿದಿದ್ದರೆ ಅಮಲ್ಜಾರಿ ನಡೆಯುತ್ತಿರುವ ಕೋರ್ಟಿಗೇ ಅರ್ಜಿ ಹಾಕಬೇಕು. ಆಫೀಸಿನಲ್ಲಿ ಜಗಳ ಕಾಯ್ದು ಪ್ರಯೋಜನವಿಲ್ಲ.

ಇನ್ನು ಜೈಲಿನ ಮಾತು. ಸಾಲ ತೀರಿಸಲಾಗದ್ದು ಅಪರಾಧವಲ್ಲ. ಕೊಡುವ ಶಕ್ತಿಯಿದ್ದೂ ಕೊಡದೆ ಸತಾಯಿಸುವವನನ್ನು, ಆಸ್ತಿಯನ್ನು ಮೋಸದಿಂದ ಸಾಗಹಾಕಿದವನನ್ನು, ಇಂಥವರನ್ನು ಮಾತ್ರ ಸಿವಿಲ್ ಜೈಲಿಗೆ ಕಳಿಸಬಹುದು. ಅದೂ ಹೆಚ್ಚೆಂದರೆ ಮೂರು ತಿಂಗಳು. 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ: ಬಡತನದಿಂದ ಕೊಡಲಾಗದವನನ್ನು ಬಂಧಿಸುವಂತಿಲ್ಲ, ಕೊಡದಿರುವುದರ ಹಿಂದೆ ದುರುದ್ದೇಶ ಇರಬೇಕು. ಇನ್ನೊಂದು ತಮಾಷೆಯೂ ಇದೆ. ಸಿವಿಲ್ ಜೈಲಿಗೆ ಹಾಕಿಸಿದರೆ ಒಳಗಿರುವವನ ಊಟದ ಭತ್ಯೆಯನ್ನು ಹಾಕಿಸಿದವನೇ ಕಟ್ಟಬೇಕು!

ಈಗ ನಿಮ್ಮ ಸ್ನೇಹಿತರ ಸಲಹೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಸೈಟನ್ನು ಹೆಂಡತಿ ಹೆಸರಿಗೆ ಬರೆದರೆ, ಕೋರ್ಟು ಯಾವುದನ್ನು ಮೋಸ ಎನ್ನುತ್ತದೋ ಅದಕ್ಕೆ ನೀವೇ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ದಾಖಲೆ ಹುಟ್ಟಿಸಿಕೊಟ್ಟಂತೆ. ಸಾಲ ಕೊಟ್ಟವರನ್ನು ತಪ್ಪಿಸಲು ಮಾಡಿದ ವರ್ಗಾವಣೆಯನ್ನು ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಮಿನಡಿ ರದ್ದು ಮಾಡಿಸಬಹುದು. ಸೈಟೂ ಉಳಿಯುವುದಿಲ್ಲ, ಇಲ್ಲದ ಜೈಲಿನ ಭಯವೂ ನಿಜವಾಗುತ್ತದೆ. ಕೆಲಸ ಬಿಡುವುದಂತೂ ಶುದ್ಧ ಮೂರ್ಖತನ. ಹತ್ತು ಸಾವಿರ ಉಳಿಸಲು ಹೋಗಿ ಮೂವತ್ತೊಂದು ಸಾವಿರ ಕಳೆದುಕೊಳ್ಳುತ್ತೀರಿ. ಡಿಕ್ರಿಗೆ ಹನ್ನೆರಡು ವರ್ಷ ಆಯುಸ್ಸಿದೆ, ಅಷ್ಟು ವರ್ಷ ನೀವು ಕೆಲಸವಿಲ್ಲದೆ ಕೂರಲಾರಿರಿ.

ರಿಜಿಸ್ಟರ್ ಪೋಸ್ಟ್ ವಾಪಸ್ ಕಳಿಸಿದ್ದು ದೊಡ್ಡ ತಪ್ಪಾಯಿತು. ಬೇಡವೆಂದು ಹಿಂತಿರುಗಿಸಿದ ಸಮನ್ಸನ್ನು ಜಾರಿಯಾದಂತೆಯೇ ಕೋರ್ಟು ಪರಿಗಣಿಸುತ್ತದೆ. ನೀವು ಬಾರದ ಕಾರಣ ಏಕಪಕ್ಷೀಯ ಡಿಕ್ರಿ ಆಗಿರಬೇಕು. ಅದನ್ನು ತೆಗೆದುಹಾಕಿಸಲು 30 ದಿನದೊಳಗೆ ಅರ್ಜಿ ಹಾಕಲು ಅವಕಾಶವಿದೆ, ಆದರೆ ಬಾರದಿದ್ದಕ್ಕೆ ಬಲವಾದ ಕಾರಣ ಬೇಕು. ಹೆದರಿಕೆಯಾಯಿತು ಎಂದರೆ ಕೋರ್ಟು ಕೇಳುವುದಿಲ್ಲ. ಸಾಲ ನಿಜ, ಜಾಮೀನಿನ ಸಹಿಯೂ ನಿಮ್ಮದೇ, ಜಾಮೀನುದಾರನ ಹೊಣೆ ಸಾಲ ಪಡೆದವನಷ್ಟೇ ಎಂದು ಕರಾರು ಕಾಯ್ದೆಯ 128ನೇ ಕಲಮು ಹೇಳುತ್ತದೆ. ಆದ್ದರಿಂದ ಆ ಅರ್ಜಿಗೆ ದುಡ್ಡು ಸುರಿಯಬೇಡಿ ಎಂದೇ ನನ್ನ ಸಲಹೆ. ಡಿಕ್ರಿಯಲ್ಲಿ ಬರೆದ ಮೊತ್ತವೇ ಸುಳ್ಳಾಗಿದ್ದರೆ ಮಾತ್ರ ವಕೀಲರಿಗೆ ನಕಲು ತೋರಿಸಿ ಕೇಳಿ.

ನಲವತ್ತು ಸಾವಿರದ ಬಗ್ಗೆ ಕಹಿಯಾದ ಮಾತು ಹೇಳಬೇಕು. ಡಿಕ್ರಿಯಾದ ಮೇಲೆ ಕೋರ್ಟಿನ ಹೊರಗೆ ಕೊಟ್ಟ ಹಣವನ್ನು ಕೋರ್ಟಿನಲ್ಲಿ ದಾಖಲಿಸದಿದ್ದರೆ, ಅಮಲ್ಜಾರಿ ಕೋರ್ಟು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನೀವು ದಾಖಲು ಮಾಡಿಸಲು ಇರುವ ಅವಧಿ 30 ದಿನ, ಜೊತೆಗೆ ಕಾಗದದ ಪುರಾವೆ ಬೇಕು. ಡಿಕ್ರಿಗೆ ಮುಂಚೆ ಕೊಟ್ಟಿದ್ದರೆ ಅದನ್ನು ಹೇಳಬೇಕಾದ ಜಾಗ ಮೂಲ ದಾವೆಯಾಗಿತ್ತು. ಬ್ಯಾಂಕಿನಿಂದ ತೆಗೆದ ದಿನಾಂಕ, ಆ ಹುಡುಗನೊಂದಿಗಿನ ವಾಟ್ಸಾಪ್ ಮಾತು, ಏನಿದ್ದರೂ ಹುಡುಕಿಡಿ. ರಾಜಿಯ ಹೊತ್ತಿಗೆ ಮಾತಾಡಲು ಅದೊಂದು ಹಿಡಿತ. ಇನ್ನು ಮುಂದೆ ಕೈಯಲ್ಲಿ ಒಂದು ರೂಪಾಯಿಯನ್ನೂ ಕೊಡಬೇಡಿ.

ರಾಜಿ ಎಂದೆನಲ್ಲ, ನಿಮ್ಮ ನಿಜವಾದ ದಾರಿ ಅದೇ. ಕಂತಿನಲ್ಲಿ ಕಟ್ಟುತ್ತೇನೆಂದು ಕೇಳಬಹುದು, ಆದರೆ ಡಿಕ್ರಿಯ ನಂತರ ಅದಕ್ಕೆ ಫೈನಾನ್ಸಿನವರ ಒಪ್ಪಿಗೆ ಬೇಕು. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಪ್ರಕರಣವನ್ನು ಲೋಕ ಅದಾಲತ್‌ಗೆ ಹಾಕಿ ಎಂದು ಕೇಳಿಕೊಳ್ಳಿ. ಅದಕ್ಕೆ ಶುಲ್ಕವಿಲ್ಲ. ಎರಡು ವರ್ಷ ತಿಂಗಳಿಗೆ ಹತ್ತು ಸಾವಿರದಂತೆ ಕಾಯುವ ಬದಲು ಬಡ್ಡಿ ಬಿಟ್ಟು ಅಸಲು ಪಡೆಯಲು ಸಾಲ ಕೊಟ್ಟ ಅನೇಕರು ಒಪ್ಪುತ್ತಾರೆ. ಅಲ್ಲಿ ಆದ ರಾಜಿಯ ಮೇಲೆ ಮೇಲ್ಮನವಿ ಇಲ್ಲ. ಹಾಗಾಗಿ ಕಂತು ನಿಮ್ಮ ಕೈಗೆಟುಕುವಷ್ಟೇ ಇರಲಿ. ನೀವು ಕಟ್ಟಿದ್ದಷ್ಟನ್ನೂ ಭಾವಮೈದನಿಂದ ವಸೂಲಿ ಮಾಡುವ ಹಕ್ಕು ನಿಮಗಿದೆ, ಅದಕ್ಕೆ ಪ್ರತಿ ಕಡಿತದ ಚೀಟಿ ಇಟ್ಟುಕೊಳ್ಳಿ.

ಒಂದು ವೇಳೆ ಜಪ್ತಿಗೆಂದು ಕೋರ್ಟಿನ ಅಮೀನ ಮನೆಗೇ ಬಂದರೂ ಅಡುಗೆ ಪಾತ್ರೆ, ಹಾಸಿಗೆ, ಉಡುವ ಬಟ್ಟೆ, ಹೆಂಡತಿಯ ತಾಳಿ ಮುಟ್ಟುವಂತಿಲ್ಲ. ಸೂರ್ಯ ಮುಳುಗಿದ ಮೇಲೆ ಮನೆಯೊಳಗೆ ಕಾಲಿಡುವಂತೆಯೂ ಇಲ್ಲ. ಪಿಎಫ್ ಹಣವೂ ಜಪ್ತಿಗೆ ಸಿಗದು.

ಕೊನೆಯದಾಗಿ ಹೆಂಡತಿಯ ವಿಷಯ. ಮುಂದಿನ ಸಂಬಳ ಹತ್ತು ಸಾವಿರ ಕಡಿಮೆ ಬಂದ ದಿನ ಆಕೆಗೆ ಹೇಗೂ ತಿಳಿಯುತ್ತದೆ. ಆಗ ನೋವಾಗುವುದು ಸಾಲಕ್ಕಲ್ಲ, ಮುಚ್ಚಿಟ್ಟಿದ್ದಕ್ಕೆ. ‘ನಿನ್ನ ತಮ್ಮ ಹೀಗೆ ಮಾಡಿದ’ ಎಂದು ಶುರು ಮಾಡಬೇಡಿ, ‘ನಾನು ಸಹಿ ಹಾಕಿದ್ದೆ’ ಎಂದು ಹೇಳಿ. ನಿಮ್ಮ ಫೋನ್ ಎತ್ತದ ಆ ತಮ್ಮ ಅಕ್ಕನ ಫೋನ್ ಎತ್ತಬಹುದು. ಇವತ್ತೇ ಆಕೆಗೆ ಹೇಳಿ, ನಾಳೆ ಆದೇಶದ ಪ್ರತಿ ಹಿಡಿದು ವಕೀಲರನ್ನು ಕಾಣಿ. ಮುಂದಿನ ವಾಯಿದೆಯ ದಿನ ತಪ್ಪದೆ ಕೋರ್ಟಿನಲ್ಲಿ ಹಾಜರಿರಿ.