ಹಲಗೆಯ ಅಡಿಗೆ ಕೈಯಾಡಿಸಿ ನೋಡು

ಕೋಪನ್‌ಹೇಗನ್‌ನಲ್ಲಿ ಮನೆ ಮಾಡಿದ ಮೇಲೆ ಅಲ್ಲಿಯದೇ ಹಳೆಯ ತೇಗದ ಪುಸ್ತಕದ ಕಪಾಟು ಬೇಕೆನ್ನಿಸಿದೆ ಎಂದು ಬರೆದಿದ್ದೀಯಲ್ಲ ಪುಟ್ಟಿ, ಓದಿ ಖುಷಿಯಾಯಿತು. ಖಂಡಿತ ತಗೋ. ಆ ಊರಿನ ಹಳೆಯ ಸಾಮಾನಿನ ಅಂಗಡಿಗಳನ್ನು ಬಹಳ ಸುತ್ತಿದವಳು ನಾನು. ದುಡ್ಡು ಕೊಡುವ ಮೊದಲು ಒಂದೆರಡು ಮಾತು ಕೇಳಿಸಿಕೋ.

ಬೋರ್ಗೆ ಮೊಗೆನ್ಸೆನ್, ಪೌಲ್ ಹುಂಡೆವಾಡ್ ಎಂದು ದೊಡ್ಡ ವಿನ್ಯಾಸಕಾರರ ಹೆಸರು ಹೇಳಿದ ಕೂಡಲೇ ಬೆಲೆ ಏರುತ್ತದೆ. ಹಿಂಬದಿಯಲ್ಲಿ ಮುದ್ರೆಯೋ ಚೀಟಿಯೋ ಇದ್ದರೆ ತೋರಿಸಲಿ. ಇಲ್ಲದಿದ್ದರೆ ಬರೀ ಹೆಸರಿಗೆ ದುಡ್ಡು ಸುರಿಯಬೇಡ. 1950-60ರ ದಶಕಗಳಲ್ಲಿ ಅಲ್ಲಿನ ಎಷ್ಟೋ ಸಣ್ಣ ಕಾರ್ಖಾನೆಗಳೂ ಅಚ್ಚುಕಟ್ಟಾದ ಕೆಲಸ ಮಾಡಿವೆ.

ತೇಗದ್ದು ಎಂದರೆ ಇಡೀ ಹಲಗೆ ತೇಗ ಅಂದುಕೊಳ್ಳಬೇಡ. ಹೆಚ್ಚಿನವುಗಳಲ್ಲಿ ಒಳಗೆ ಬೇರೆ ಮರವೋ ಪಾರ್ಟಿಕಲ್ ಬೋರ್ಡೋ ಇರುತ್ತದೆ, ಮೇಲೆ ಒಂದು ಮಿಲಿಮೀಟರಿಗಿಂತ ತೆಳುವಾದ ತೇಗದ ವಿನಿಯರ್, ಅಂಚಿಗೆ ಗಟ್ಟಿ ತೇಗದ ಪಟ್ಟಿ. ಇದು ಮೋಸವಲ್ಲ. ಚಳಿಗಾಲದಲ್ಲಿ ಹೀಟರಿನ ಒಣ ಹವೆಗೆ ಅಗಲವಾದ ಗಟ್ಟಿ ಹಲಗೆ ಸೀಳುವುದುಂಟು, ಇದು ಸೊಟ್ಟಗಾಗದೆ ನಿಲ್ಲುತ್ತದೆ. ಆದರೆ ಕಲೆ ತೆಗೆಯುತ್ತೇನೆಂದು ಉಪ್ಪುಕಾಗದ ಮಾತ್ರ ಹಿಡಿಯಬೇಡ. ಜೋರಾಗಿ ಉಜ್ಜಿದರೆ ಒಳಗಿನ ಹಲಗೆ ಹೊರಬರುತ್ತದೆ, ಆಮೇಲೆ ಹೊಸ ವಿನಿಯರ್ ಅಂಟಿಸದೆ ಗತಿಯಿಲ್ಲ.

ಅಂಗಡಿಯಲ್ಲೇ ಒಂದು ಹಲಗೆ ಹೊರತೆಗೆದು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ನೋಡು. ಒಂದು ಮೀಟರ್ ಉದ್ದಕ್ಕೆ ಜೋಡಿಸಿದ ಪುಸ್ತಕ 20-30 ಕಿಲೋ ತೂಗುತ್ತದೆ. ಇಷ್ಟು ವರ್ಷ ಹೊತ್ತ ಹಲಗೆ ನಡುವೆ ತುಸು ಬಾಗಿದ್ದರೆ ಪರವಾಗಿಲ್ಲ, ಮಗುಚಿ ಹಾಕಬಹುದು. ಅಡಿಗೆ ಬೆರಳಾಡಿಸಿದರೆ ವಿನಿಯರ್ ಎದ್ದ ಜಾಗ ಗೊತ್ತಾಗುತ್ತದೆ. ಗುಂಡುಸೂಜಿಯ ತಲೆಯಷ್ಟು ತೂತುಗಳಿದ್ದು, ತಟ್ಟಿದಾಗ ಹಿಟ್ಟಿನಂಥ ಪುಡಿ ಉದುರಿದರೆ ಒಳಗೆ ಹುಳು ಇನ್ನೂ ಇರಬಹುದು, ಪುಕ್ಕಟೆ ಕೊಟ್ಟರೂ ಬೇಡ. ಹಲಗೆ ಹೊರುವ ಪುಟ್ಟ ಗೂಟಗಳನ್ನೂ ಎಣಿಸಿಕೋ. ಮುಗ್ಗಲು ವಾಸನೆ ಬಂದರೂ ಬಿಟ್ಟುಬಾ, ಅದು ಪುಸ್ತಕಕ್ಕೆ ಹತ್ತಿಕೊಳ್ಳುತ್ತದೆ.

ಕಪ್ಪು ಗೆರೆಗಳ ಬ್ರೆಜಿಲ್ ಬೀಟೆಯ ಕಪಾಟು ಕಂಡರೆ ಮನಸ್ಸು ಸೋಲುತ್ತದೆ, ನನಗೂ ಗೊತ್ತು. ಆ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1992ರಿಂದ ಕಟ್ಟುನಿಟ್ಟಾದ ನಿರ್ಬಂಧವಿದೆ. ನಾಳೆ ಬೆಂಗಳೂರಿಗೆ ಸಾಮಾನು ಸಾಗಿಸುವಾಗ ಕಾಗದಪತ್ರಕ್ಕೆ ಅಲೆಯಬೇಕಾಗುತ್ತದೆ. ತೇಗವೇ ನಿರಾಳ.

ನಿಮ್ಮದು ಲಿಫ್ಟ್ ಇಲ್ಲದ ಹಳೆಯ ಕಟ್ಟಡ. ಮೆಟ್ಟಿಲಿನ ತಿರುವು ಅಳೆದುಕೊಂಡೇ ಹೋಗು. ಅಷ್ಟು ದೊಡ್ಡದು ಹಿಡಿಸದಿದ್ದರೆ ಪೌಲ್ ಕಡೋವಿಯಸ್ 1948ರಲ್ಲಿ ರೂಪಿಸಿದ, ಗೋಡೆಗೆ ತೂಗುಹಾಕುವ ರಾಯಲ್ ಸಿಸ್ಟಮ್ ಹುಡುಕು. ಬಿಡಿಬಿಡಿಯಾಗಿ ಹೊತ್ತು ತರಬಹುದು. ನೆಲದ ಮೇಲೆ ನಿಲ್ಲುವುದನ್ನೇ ತಂದರೆ ಮೇಲ್ಗಡೆ ಪಟ್ಟಿ ಹಾಕಿ ಗೋಡೆಗೆ ಬಿಗಿಸು. ನಿನ್ನ ಮಗುವಿಗೆ ಹಿಡಿದು ನಿಲ್ಲುವ ವಯಸ್ಸು. ಹಳೆಯ ಮರಕ್ಕೆ ತೂತು ಬೀಳುತ್ತದಲ್ಲ ಎಂದು ಹಿಂಜರಿಯಬೇಡ.