ವಿಸ್ಕಿಯ ವಯಸ್ಸನ್ನು ಅಳೆಯುವುದೆಂತು?

ಸ್ಕಾಟ್ಲೆಂಡಿನ ಹಳೆಯ ‘ಸಿಂಗಲ್ ಮಾಲ್ಟ್’ ವಿಸ್ಕಿಯ ಸೀಸೆಗಳನ್ನು ಸಂಗ್ರಹಿಸುವವರಿಗೆ ಕುಡಿಯುವುದಕ್ಕಿಂತ ಕಾದಿಡುವುದರಲ್ಲಿಯೇ ಆಸಕ್ತಿ ಹೆಚ್ಚು. ಬೆಲೆ ನಿಂತಿರುವುದು ಚೀಟಿಯ ಮೇಲಿನ ಇಸವಿಯನ್ನು ನಂಬಿ. ಆ ನಂಬಿಕೆಗೆ ಆಧಾರವೇನು? ೨೦೧೭ರಲ್ಲಿ ಸ್ವಿಟ್ಸರ್ಲೆಂಡಿನ ಹೋಟೆಲೊಂದರಲ್ಲಿ ಚೀನಾದ ಅತಿಥಿಯೊಬ್ಬರು ‘೧೮೭೮ರ ಮಕ್ಯಾಲನ್’ನ ಒಂದು ಪುಟ್ಟ ಲೋಟಕ್ಕೆ ೯,೯೯೯ ಫ್ರಾಂಕುಗಳನ್ನು ತೆತ್ತರು. ಆಕ್ಸ್‌ಫರ್ಡಿನ ವಿಜ್ಞಾನಿಗಳು ಪರೀಕ್ಷಿಸಿದಾಗ ಅದು ಬಹುಮಟ್ಟಿಗೆ ೧೯೭೦-೭೨ರದೆಂದು ತಿಳಿದುಬಂದಿತು!

ಮಾಲ್ಟ್ ವಿಸ್ಕಿಯ ಮೂಲ ಜವೆಗೋಧಿ. ಪೈರು ತಾನು ಬೆಳೆದ ವರ್ಷದ ಗಾಳಿಯಿಂದ ಇಂಗಾಲವನ್ನು ಪಡೆಯುತ್ತದೆ. ಅದರ ಅತ್ಯಲ್ಪ ಅಂಶ ವಿಕಿರಣಶೀಲವಾದ ಇಂಗಾಲ-೧೪. ಭಟ್ಟಿಯಿಳಿಸಿದ ಮದ್ಯದಲ್ಲಿಯೂ ಅದೇ ಇಂಗಾಲವಿರುತ್ತದೆ. ಆದರೆ ಇದರ ಅರ್ಧಾಯು ೫,೭೩೦ ವರ್ಷ. ನೂರು ವರ್ಷದಲ್ಲಿ ಕ್ಷಯಿಸುವುದು ನೂರಕ್ಕೆ ಸುಮಾರು ೧.೨ ಪಾಲು ಮಾತ್ರ (ವಾಚಕರು ಲೆಕ್ಕಮಾಡಿ ನೋಡಬಹುದು). ಇಷ್ಟು ಮಂದಗತಿಯ ಗಡಿಯಾರದಿಂದ ದಶಕಗಳನ್ನು ಎಣಿಸುವುದು ಕಷ್ಟ.

ಇಲ್ಲಿ ನೆರವಿಗೆ ಬಂದುದು, ವಿಚಿತ್ರವೆಂದರೆ, ಪರಮಾಣು ಬಾಂಬು. ವಾಯುಮಂಡಲದಲ್ಲಿ ನಡೆಸಿದ ಸ್ಫೋಟಗಳಿಂದ ೧೯೬೩ರ ವೇಳೆಗೆ ಉತ್ತರಾರ್ಧಗೋಳದ ಗಾಳಿಯಲ್ಲಿ ಇಂಗಾಲ-೧೪ರ ಪ್ರಮಾಣ ಬಹುತೇಕ ಇಮ್ಮಡಿಯಾಯಿತು. ಅದೇ ವರ್ಷ ಅಂತಹ ಪರೀಕ್ಷೆಗಳನ್ನು ನಿಷೇಧಿಸುವ ಒಪ್ಪಂದವಾಯಿತು. ಅನಂತರ ಸಮುದ್ರವೂ ಸಸ್ಯಗಳೂ ಹೀರಿಕೊಂಡಂತೆಲ್ಲ ಆ ಪ್ರಮಾಣ ಇಳಿಯುತ್ತ ಬಂದಿತು. ಬಾಂಬಿನ ಇಂಗಾಲವುಳ್ಳ ವಿಸ್ಕಿ ೧೮೭೮ರದಾಗಿರಲಾರದು. ಅದಿಲ್ಲವೆಂದ ಮಾತ್ರಕ್ಕೆ ಚೀಟಿ ಸತ್ಯವೆಂದೂ ಅಲ್ಲ: ೧೯೪೦ರ ಮದ್ಯಕ್ಕೆ ೧೮೭೮ರ ಚೀಟಿಯನ್ನು ಅಂಟಿಸಬಹುದಲ್ಲವೆ? ೨೦೧೮ರಲ್ಲಿ ಸ್ಕಾಟ್ಲೆಂಡಿನ ಪ್ರಯೋಗಾಲಯವೊಂದು ಪರೀಕ್ಷಿಸಿದ ೫೫ ಸೀಸೆಗಳಲ್ಲಿ ೨೧ರ ಚೀಟಿ ಸುಳ್ಳೆಂದು ಕಂಡುಬಂದಿತು.

ಈ ಉಪಾಯಕ್ಕೂ ಈಗ ಕುತ್ತು ಬಂದಿದೆ. ಕಲ್ಲಿದ್ದಲು, ಎಣ್ಣೆಗಳ ಹೊಗೆಯಲ್ಲಿ ಇಂಗಾಲ-೧೪ ಇರುವುದಿಲ್ಲ. ಆ ಹೊಗೆ ಬೆರೆತು ಬೆರೆತು, ೨೦೨೧ರ ವೇಳೆಗೆ ಉತ್ತರಾರ್ಧಗೋಳದ ಗಾಳಿಯಲ್ಲಿ ಅದರ ಪಾಲು ಕೈಗಾರಿಕಾ ಯುಗಕ್ಕೆ ಮೊದಲಿದ್ದ ಮಟ್ಟಕ್ಕೇ ಇಳಿಯಿತು. ಇಂದಿನ ಜವೆಗೋಧಿ ತನ್ನ ಮುತ್ತಜ್ಜನ ವಯಸ್ಸನ್ನು ಹೇಳಿಕೊಳ್ಳತೊಡಗಿದೆ.