ಹಾರ್ಡ್ ಡಿಸ್ಕಿನ ಕಾಲವು ಮುಗಿಯಿತೇ?

ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಚಿಕ್ಕ ಕಪ್ಪು ಪೆಟ್ಟಿಗೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದಳು. ಅದು ಕಂಪ್ಯೂಟರಿಗೆ ಹೊರಗಿನಿಂದ ಜೋಡಿಸತಕ್ಕ ಹಾರ್ಡ್ ಡಿಸ್ಕು. ತೀರಿಹೋದ ತಾಯಿಯ ಚಿತ್ರಗಳೂ, ಆಕೆಯು ಮೊಮ್ಮಗಳಿಗೆ ಕಥೆ ಹೇಳುತ್ತಿದ್ದಾಗ ಹಿಡಿದಿಟ್ಟ ಧ್ವನಿಯೂ ಅದರಲ್ಲಿದ್ದುವು, ಬೇರೆಲ್ಲಿಯೂ ಇರಲಿಲ್ಲ. ಪೆಟ್ಟಿಗೆಯು ನಡೆಯುತ್ತಿದ್ದಾಗಲೇ ಮಗುವಿನ ಕೈ ತಗಲಿ ಮೇಜಿನಿಂದ ನೆಲಕ್ಕೆ ಬಿದ್ದಿತಂತೆ. ಆ ಮೇಲೆ ಅದನ್ನು ಜೋಡಿಸಿದಾಗಲೆಲ್ಲ ಗೋಡೆಯ ಹಲ್ಲಿಯು ಲೊಚಗುಟ್ಟಿದಂತೆ ಒಂದು ಸದ್ದು ಬರುತ್ತಿತ್ತೇ ಹೊರತು ಚಿತ್ರಗಳು ಕಾಣುತ್ತಿರಲಿಲ್ಲ.

“ಟೀಚರ್, ಈ ತಿರುಗುವ ತಟ್ಟೆಯ ಕಾಲವೇ ಮುಗಿಯಿತಂತೆ. ಇನ್ನು ಮುಂದೆ ಎಲ್ಲವೂ ಎಸ್‌ಎಸ್‌ಡಿಯಂತೆ. ನಾನು ಅದನ್ನೇ ಕೊಂಡಿದ್ದರೆ ಅಮ್ಮನ ಚಿತ್ರಗಳು ಉಳಿಯುತ್ತಿದ್ದುವಲ್ಲವೇ?” ಎಂದು ಕೇಳಿದಳು.

ಆ ದಿನ ನಾನು ಅವಳಿಗೆ ಅರ್ಧ ಉತ್ತರವನ್ನು ಮಾತ್ರ ಕೊಟ್ಟೆನು. ಉಳಿದರ್ಧವನ್ನು ಇಲ್ಲಿ ಬರೆಯುತ್ತೇನೆ. ಮಗಳನ್ನು ಕಾಲೇಜಿಗೆ ಕಳುಹಿಸುವಾಗ ಲ್ಯಾಪ್‌ಟಾಪು ಕೊಳ್ಳಬೇಕೆಂದಿರುವ ತಾಯಿತಂದೆಗಳಿಗೂ ಇದು ಉಪಯೋಗಕ್ಕೆ ಬಂದೀತು.

ಮೊದಲು ಹಾರ್ಡ್ ಡಿಸ್ಕೆಂದರೆ ಏನೆಂಬುದನ್ನು ವಿಚಾರಿಸೋಣ. ಹಳೆಯ ಮನೆಗಳಲ್ಲಿ ಗ್ರಾಮಫೋನನ್ನು ಕಂಡವರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಅಲ್ಲಿಯೂ ತಟ್ಟೆ, ಇಲ್ಲಿಯೂ ತಟ್ಟೆ. ಅಲ್ಲಿ ಮುಳ್ಳು, ಇಲ್ಲಿ ಒಂದು ಸಣ್ಣ ತೋಳಿನ ತುದಿಯಲ್ಲಿರುವ ‘ಹೆಡ್’. ಆದರೆ ಗ್ರಾಮಫೋನಿನ ಮುಳ್ಳು ತಟ್ಟೆಯನ್ನು ಕೆರೆಯುತ್ತ ಓಡುವುದು. ಹಾರ್ಡ್ ಡಿಸ್ಕಿನ ಹೆಡ್ಡು ತಟ್ಟೆಯನ್ನು ಮುಟ್ಟಲೇಬಾರದು. ತಟ್ಟೆಯ ಮೇಲೆ ಬಹು ತೆಳುವಾದ ಅಯಸ್ಕಾಂತ ಲೇಪವಿರುವುದು. ಅದರ ಅತಿ ಸೂಕ್ಷ್ಮವಾದ ಭಾಗಗಳನ್ನು ಒಂದು ದಿಕ್ಕಿಗೋ ಅದಕ್ಕೆ ಎದುರು ದಿಕ್ಕಿಗೋ ಕಾಂತಗೊಳಿಸುವುದೇ ಬರವಣಿಗೆ. ಆ ದಿಕ್ಕುಗಳನ್ನು ತಿಳಿಯುವುದೇ ಓದು. ಮೇಜಿನ ಕಂಪ್ಯೂಟರುಗಳ ಸಾಮಾನ್ಯ ಡಿಸ್ಕಿನಲ್ಲಿ ತಟ್ಟೆಯು ನಿಮಿಷಕ್ಕೆ ೭,೨೦೦ ಸುತ್ತು ತಿರುಗುವುದು. ಅಂದರೆ ಅದರ ಅಂಚು ಗಂಟೆಗೆ ೧೨೦ ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಓಡುವುದು. ಅದರ ಮೇಲೆ ಹೆಡ್ಡು ತೇಲುವ ಎತ್ತರವು ಕೆಲವೇ ನ್ಯಾನೋಮೀಟರು; ನಮ್ಮ ತಲೆಗೂದಲಿನ ದಪ್ಪವು ಅದರ ಸಾವಿರಾರು ಪಟ್ಟು. ಓಡುವ ತಟ್ಟೆಯ ಜೊತೆಗೆ ಎಳೆಯಲ್ಪಡುವ ಗಾಳಿಯೇ ಹೆಡ್ಡನ್ನು ಎತ್ತಿ ಹಿಡಿಯುವುದು. ಇಂತಹ ಯಂತ್ರವು ನಡೆಯುತ್ತಿರುವಾಗ ನೆಲಕ್ಕೆ ಬಿದ್ದರೆ ಏನಾಗುವುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದರ ಪೂರ್ವಜನು ದೈತ್ಯನೇ ಸರಿ. ೧೯೫೬ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯವರು ಹೊರತಂದ ರಾಮ್ಯಾಕ್ ಯಂತ್ರದ ಡಿಸ್ಕಿನಲ್ಲಿ ಎರಡಡಿ ಅಡ್ಡಳತೆಯ ೫೦ ತಟ್ಟೆಗಳಿದ್ದುವು. ತೂಕವು ಸುಮಾರು ಒಂದು ಟನ್ನು. ಹಿಡಿಸುತ್ತಿದ್ದುದು ೫೦ ಲಕ್ಷ ಅಕ್ಷರಗಳು ಮಾತ್ರ; ಇಂದಿನ ಮೊಬೈಲಿನಲ್ಲಿ ತೆಗೆದ ಒಂದೆರಡು ಚಿತ್ರಗಳಿಗೆ ಆ ಸ್ಥಳವು ತುಂಬಿಹೋಗುತ್ತಿತ್ತು. ೨೦೨೪ರಲ್ಲಿ ಸೀಗೇಟ್ ಸಂಸ್ಥೆಯವರು ಮಾರಾಟಕ್ಕೆ ತಂದ ಅಂಗೈಯಗಲದ ಡಿಸ್ಕಿನಲ್ಲಿ ೩೦ ಟೆರಾಬೈಟು, ಎಂದರೆ ೩೦ ಲಕ್ಷ ಕೋಟಿ ಬೈಟು ಹಿಡಿಸುವುದು. ರಾಮ್ಯಾಕಿನದಕ್ಕೆ ಹೋಲಿಸಿದರೆ ಇದು ಎಂಬತ್ತು ಲಕ್ಷದಷ್ಟು ಪಟ್ಟು. ಬರೆಯುವ ಕ್ಷಣದಲ್ಲಿ ತಟ್ಟೆಯ ಒಂದು ಚುಕ್ಕೆಯನ್ನು ಲೇಸರ್ ಕಿರಣದಿಂದ ಕಾಯಿಸಿ, ಆರುವ ಮುನ್ನ ಗುರುತು ಹಾಕುವ ಉಪಾಯದಿಂದ ಇಷ್ಟು ಸಾಧ್ಯವಾಯಿತು. ಮುದುಕನಾದನೆಂದು ಜನರು ಹೇಳುವ ಯಂತ್ರವು ಇನ್ನೂ ಹೊಸ ವಿದ್ಯೆಯನ್ನು ಕಲಿಯುತ್ತಲೇ ಇದೆ.

ಇನ್ನು ಎಸ್‌ಎಸ್‌ಡಿ ಎನ್ನುವ ಸಾಲಿಡ್ ಸ್ಟೇಟ್ ಡ್ರೈವಿನ ವಿಚಾರ. ಇದರಲ್ಲಿ ತಟ್ಟೆಯಿಲ್ಲ, ತೋಳಿಲ್ಲ, ಮೋಟಾರಿಲ್ಲ. ಸಿಲಿಕಾನಿನ ಚಿಪ್ಪುಗಳು ಮಾತ್ರ. ಜಪಾನಿನ ತೋಶಿಬಾ ಸಂಸ್ಥೆಯಲ್ಲಿದ್ದ ಫುಜಿಯೋ ಮಾಸುಓಕಾ ಎಂಬವರು ೧೯೮೪ರಲ್ಲಿ ‘ಫ್ಲ್ಯಾಶ್’ ಎಂಬ ಸ್ಮೃತಿಯನ್ನು ಲೋಕಕ್ಕೆ ಪರಿಚಯಿಸಿದರು. ಇಂದು ಎಸ್‌ಎಸ್‌ಡಿಗಳಲ್ಲಿರುವ ನ್ಯಾಂಡ್ ಎಂಬ ಬಗೆಯು ೧೯೮೭ರಲ್ಲಿ ಬಂದಿತು. ಚಿಪ್ಪಿನೊಳಗಿನ ಒಂದೊಂದು ಕೋಶವನ್ನೂ ಬಾಯಿ ಬಿಗಿದ ಒಂದು ಭರಣಿಯೆಂದು ಭಾವಿಸಿರಿ. ಅದರೊಳಗೆ ವಿದ್ಯುತ್ಕಣಗಳನ್ನು ಬಲವಂತವಾಗಿ ತುಂಬಿ, ಸುತ್ತಲೂ ವಿದ್ಯುತ್ತು ಹರಿಯದ ಗೋಡೆಯನ್ನು ಕಟ್ಟಿರುವರು. ಮನೆಯ ವಿದ್ಯುತ್ತು ಹೋದರೂ ಒಳಗಿನ ಕಣಗಳು ಅಲ್ಲಿಯೇ ನಿಲ್ಲುವುವು. ಭರಣಿಯಲ್ಲಿ ಎಷ್ಟಿದೆಯೆಂದು ಅಳೆದರೆ ಬರೆದುದು ಏನೆಂದು ತಿಳಿಯುವುದು.

ಇದರಲ್ಲಿ ಒಂದು ವಿಚಿತ್ರವುಂಟು. ಬರೆಯುವಾಗ ಪುಟ ಪುಟವಾಗಿ ಬರೆಯಬಹುದು. ಅಳಿಸುವಾಗ ಮಾತ್ರ ಅನೇಕ ಪುಟಗಳುಳ್ಳ ಒಂದು ಇಡೀ ಭಾಗವನ್ನೇ ಅಳಿಸಬೇಕು. ಸ್ಲೇಟಿನ ಮೇಲೆ ಒಂದು ಸಾಲು ತಪ್ಪಾದರೆ, ಉಳಿದ ಸಾಲುಗಳನ್ನು ಬೇರೊಂದು ಸ್ಲೇಟಿಗೆ ನಕಲುಮಾಡಿ, ಮೊದಲನೆಯದನ್ನು ಪೂರ್ತಿಯಾಗಿ ಒರಸಬೇಕೆಂದು ಉಪಾಧ್ಯಾಯಿನಿಯು ಕಟ್ಟಳೆ ಮಾಡಿದರೆ ಹೇಗೋ ಹಾಗೆ. ಪ್ರತಿಸಲ ಒರಸುವಾಗಲೂ ಭರಣಿಯ ಗೋಡೆಯು ಸ್ವಲ್ಪ ಸವೆಯುವುದು. ಆದುದರಿಂದ ಒಂದೇ ಸ್ಥಳವು ಬೇಗ ಸವೆಯದಂತೆ ಬರವಣಿಗೆಯನ್ನು ಎಲ್ಲ ಚಿಪ್ಪುಗಳಿಗೂ ಹಂಚಿಹಾಕುವ ‘ಕಂಟ್ರೋಲರ್’ ಎಂಬ ಮೇಲ್ವಿಚಾರಕನೊಬ್ಬನು ಒಳಗೆ ಇರುವನು. ಈ ಮೇಲ್ವಿಚಾರಕನನ್ನು ನೆನಪಿಟ್ಟಿರಿ. ಮುಂದೆ ಅವನ ಮಾತು ಬರುವುದು.

ಸವೆಯುವುದೆಂದು ಕೇಳಿ ಅನೇಕರು ಹೆದರುತ್ತಾರೆ. ಲೆಕ್ಕ ಹಾಕಿ ನೋಡೋಣ. ಒಂದು ಟೆರಾಬೈಟಿನ ಸಾಮಾನ್ಯ ಎಸ್‌ಎಸ್‌ಡಿಗೆ ತಯಾರಕರು ೬೦೦ ಟೆರಾಬೈಟಿನಷ್ಟು ಬರವಣಿಗೆಗೆ ಭರವಸೆ ಕೊಡುವುದುಂಟು. ದಿನಕ್ಕೆ ೫೦ ಗಿಗಾಬೈಟು ಬರೆದರೂ (ಮನೆಯ ಬಳಕೆಗೆ ಇದು ಬಹಳವಾಯಿತು) ಆ ಲೆಕ್ಕವು ೧೨,೦೦೦ ದಿನಗಳಿಗೆ, ಎಂದರೆ ೩೨ ವರ್ಷಕ್ಕೂ ಹೆಚ್ಚಾಗುವುದು. ಅಷ್ಟರಲ್ಲಿ ಲ್ಯಾಪ್‌ಟಾಪೇ ಹಳೆಯ ಸಾಮಾನಿನ ಅಂಗಡಿಯನ್ನು ಸೇರಿರುವುದು.

ವೇಗದಲ್ಲಿ ಇವೆರಡಕ್ಕೂ ಹೋಲಿಕೆಯೇ ಇಲ್ಲ. ನಮ್ಮ ಹತ್ತನೆಯ ತರಗತಿಯ ಹುಡುಗಿಯರು ಈ ಲೆಕ್ಕವನ್ನು ತಾವೇ ಮಾಡಬಹುದು. ನಿಮಿಷಕ್ಕೆ ೭,೨೦೦ ಸುತ್ತೆಂದರೆ ಸೆಕೆಂಡಿಗೆ ೧೨೦. ಒಂದು ಸುತ್ತಿಗೆ ೮.೩ ಮಿಲಿಸೆಕೆಂಡು. ಬೇಕಾದ ಸ್ಥಳವು ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದು ೪ ಮಿಲಿಸೆಕೆಂಡಿಗೆ ಸ್ವಲ್ಪ ಮೇಲು. ತೋಳು ಅಲ್ಲಿಗೆ ಹೋಗುವುದಕ್ಕೆ ಇನ್ನೂ ೮-೯ ಮಿಲಿಸೆಕೆಂಡು. ಕೂಡಿದರೆ ೧೩ ಆಯಿತು. ಸೆಕೆಂಡಿಗೆ ಎಂಬತ್ತು ಸಲವೂ ಹುಡುಕಲಾಗದು. ಎಸ್‌ಎಸ್‌ಡಿಯಾದರೋ ಒಂದು ಮಿಲಿಸೆಕೆಂಡಿನ ಹತ್ತರಲ್ಲೊಂದು ಭಾಗದೊಳಗೆ ಹುಡುಕಿಕೊಡುವುದು. ಒಂದೇ ಸಲಕ್ಕೆ ಅನೇಕ ಚಿಪ್ಪುಗಳನ್ನು ಕೇಳಬಲ್ಲುದಾದುದರಿಂದ ಸೆಕೆಂಡಿಗೆ ಹತ್ತಾರು ಸಾವಿರ ಸಲ ಉತ್ತರ ಕೊಡುವುದು. ಹಳೆಯ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿಯನ್ನು ಹಾಕಿಸಿದವರು “ಹೊಸದೇ ಕೊಂಡಂತಾಯಿತು” ಎಂದು ಹೇಳುವುದು ಇದರಿಂದಲೇ.

ಹೀಗಿರುವಲ್ಲಿ ಕೈಗೆ ಹತ್ತಿರದ ಯಂತ್ರಗಳಲ್ಲಿ ತಟ್ಟೆಯು ಸೋತದ್ದು ಆಶ್ಚರ್ಯವಲ್ಲ. ೨೦೦೧ರಲ್ಲಿ ಆ್ಯಪಲ್ ಸಂಸ್ಥೆಯವರು ಮೊದಲ ಐಪಾಡನ್ನು ತಂದಾಗ ಅದರೊಳಗಿದ್ದುದು ೫ ಗಿಗಾಬೈಟಿನ ಪುಟ್ಟ ಹಾರ್ಡ್ ಡಿಸ್ಕು. ೨೦೦೫ರ ಐಪಾಡ್ ನ್ಯಾನೋ ಫ್ಲ್ಯಾಶ್ ಸ್ಮೃತಿಯಿಂದ ನಡೆಯಿತು. ೨೦೨೦ರಲ್ಲಿ ಬಂದ ಪ್ಲೇಸ್ಟೇಷನ್ ೫ ಎಂಬ ಆಟದ ಯಂತ್ರವೂ ಎಸ್‌ಎಸ್‌ಡಿಯನ್ನೇ ಹಿಡಿಯಿತು. ಲ್ಯಾಪ್‌ಟಾಪುಗಳ ಮಟ್ಟಿಗೆ ಈ ವ್ಯಾಜ್ಯವು ತೀರ್ಮಾನವಾದಂತೆಯೇ. ಮಗಳಿಗೆ ಲ್ಯಾಪ್‌ಟಾಪು ಕೊಳ್ಳುವವರು ಎಸ್‌ಎಸ್‌ಡಿ ಇರುವುದನ್ನೇ ಕೊಳ್ಳಿರಿ. ಈ ಮಾತಿನಲ್ಲಿ ನನಗೆ ಸಂದೇಹವಿಲ್ಲ.

ಹಾಗಾದರೆ ಹಾರ್ಡ್ ಡಿಸ್ಕು ಲೋಕದಿಂದಲೇ ಹೋಗುವುದೋ? ಹೋಗುವುದೆಂದು ಹೇಳಿದವರುಂಟು. ಪ್ಯೂರ್ ಸ್ಟೋರೇಜ್ ಎಂಬ ಅಮೆರಿಕದ ಸಂಸ್ಥೆಯ ಅಧಿಕಾರಿಯೊಬ್ಬರು ೨೦೨೮ರ ಬಳಿಕ ಹೊಸ ಹಾರ್ಡ್ ಡಿಸ್ಕುಗಳ ಮಾರಾಟವೇ ಇರದೆಂದು ೨೦೨೩ರಲ್ಲಿ ಭವಿಷ್ಯ ನುಡಿದರು. ಆ ಸಂಸ್ಥೆಯವರು ಮಾರುವುದು ಫ್ಲ್ಯಾಶ್ ಸ್ಮೃತಿಯನ್ನೇ ಎಂಬುದನ್ನು ಓದುಗರು ಮರೆಯಬಾರದು. ಮೊಸರು ಮಾರುವವಳು ತನ್ನ ಮೊಸರನ್ನು ಹುಳಿಯೆನ್ನುವಳೇ?

ನನ್ನ ಅಭಿಪ್ರಾಯವು ಬೇರೆ. ಅಡುಗೆಮನೆಯಲ್ಲಿ ಡಬ್ಬವುಂಟು, ಹಿತ್ತಿಲ ಕೋಣೆಯಲ್ಲಿ ಕಣಜವುಂಟು. ದಿನವೂ ತೆಗೆಯುವ ಅಕ್ಕಿಯು ಡಬ್ಬದಲ್ಲಿರಬೇಕು. ವರ್ಷದ ಅಕ್ಕಿಯನ್ನು ಡಬ್ಬಗಳಲ್ಲಿ ತುಂಬಹೊರಟರೆ ಡಬ್ಬಗಳ ಬೆಲೆಗೇ ಮನೆ ಮುಳುಗೀತು. ಟೆರಾಬೈಟಿನ ಲೆಕ್ಕದಲ್ಲಿ ನೋಡಿದರೆ ದೊಡ್ಡ ಹಾರ್ಡ್ ಡಿಸ್ಕಿನ ಬೆಲೆಯು ಎಸ್‌ಎಸ್‌ಡಿಯ ಬೆಲೆಗಿಂತ ಇನ್ನೂ ಹಲವು ಪಟ್ಟು ಕಡಮೆ. ನಾವು ‘ಕ್ಲೌಡ್’ ಎಂದು ಕರೆಯುವುದು ಆಕಾಶದ ಮೋಡವಲ್ಲ. ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಸಾಲಾಗಿ ಜೋಡಿಸಿದ ಡಿಸ್ಕುಗಳು. ಅಲ್ಲಿ ಕೂಡಿಟ್ಟ ಮಾಹಿತಿಯಲ್ಲಿ ಹೆಚ್ಚಿನ ಪಾಲು ಇಂದಿಗೂ ತಿರುಗುವ ತಟ್ಟೆಗಳ ಮೇಲೆಯೇ ಇದೆ. ಅಂಗಡಿಗಳ ಸಿಸಿಟಿವಿ ಪೆಟ್ಟಿಗೆಯಲ್ಲಿ ಹಗಲಿರುಳೂ ಬರೆಯುತ್ತಿರುವುದೂ ಸಾಮಾನ್ಯವಾಗಿ ಹಾರ್ಡ್ ಡಿಸ್ಕೇ. ಅಷ್ಟೇಕೆ, ಅದಕ್ಕಿಂತಲೂ ಹಳೆಯದಾದ ಅಯಸ್ಕಾಂತದ ಟೇಪು ಕೂಡ ಸತ್ತಿಲ್ಲ. ದೊಡ್ಡ ಸಂಸ್ಥೆಗಳು ಬಹುಕಾಲದ ಸಂಗ್ರಹಕ್ಕೆ ಈಗಲೂ ಟೇಪನ್ನು ಬಳಸುತ್ತಿವೆ.

ಫ್ಲ್ಯಾಶಿನವರೂ ಸುಮ್ಮನೆ ಕುಳಿತಿಲ್ಲವೆನ್ನಿ. ಚಿಪ್ಪಿನ ಮೇಲೆ ಜಾಗ ಸಾಲದಾದಾಗ ಅವರು ಮಹಡಿಯ ಮೇಲೆ ಮಹಡಿಯನ್ನು ಕಟ್ಟತೊಡಗಿದರು. ೨೦೧೩ರಲ್ಲಿ ಸ್ಯಾಮ್‌ಸಂಗ್ ಸಂಸ್ಥೆಯದು ೨೪ ಅಂತಸ್ತು. ೨೦೨೨ರಲ್ಲಿ ಮೈಕ್ರಾನ್ ಸಂಸ್ಥೆಯದು ೨೩೨. ಒಂದೊಂದು ಕೋಶದಲ್ಲಿ ಒಂದು ಬಿಟ್ಟಿನ ಬದಲು ಮೂರನ್ನೂ ನಾಲ್ಕನ್ನೂ ಇಡತೊಡಗಿದರು. ಇದರಿಂದ ಬೆಲೆಯು ಬಹಳ ಇಳಿಯಿತು. ಆದರೆ ಒಂದೇ ಭರಣಿಯಲ್ಲಿ ಹದಿನಾರು ಮಟ್ಟಗಳನ್ನು ಗುರುತಿಸಬೇಕಾದಾಗ, ಸ್ವಲ್ಪ ಸೋರಿದರೂ ಅಳತೆಯು ತಪ್ಪುವ ಭಯವು ಹೆಚ್ಚಾಯಿತು. ಮೇಲಾಗಿ ಹಾರ್ಡ್ ಡಿಸ್ಕುಗಳ ಕೆಲಸವನ್ನೆಲ್ಲ ಫ್ಲ್ಯಾಶೇ ಹೊರಬೇಕಾದರೆ ಹೊಸ ಚಿಪ್ಪಿನ ಕಾರ್ಖಾನೆಗಳು ಬಹಳವಾಗಿ ಬೇಕು. ಅಂತಹ ಒಂದೊಂದಕ್ಕೂ ಸಾವಿರಾರು ಕೋಟಿ ರೂಪಾಯಿ ಹಿಡಿಯುವುದು. ಅಷ್ಟು ಬಂಡವಾಳವು ಅಗ್ಗದ ಕಣಜವನ್ನು ಕಟ್ಟುವುದಕ್ಕಾಗಿ ಬೇಗನೆ ಹರಿದುಬರುವುದೆಂದು ನನಗೆ ತೋರುವುದಿಲ್ಲ. ತಟ್ಟೆಗೂ ಗಂಡಾಂತರಗಳಿಲ್ಲದಿಲ್ಲ. ಅದನ್ನು ತಯಾರಿಸುವವರು ಇಂದು ಲೋಕದಲ್ಲಿ ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಶಿಬಾ ಎಂಬ ಮೂವರೇ. ೨೦೧೧ರಲ್ಲಿ ಥಾಯ್ಲೆಂಡಿನ ನೆರೆಯಲ್ಲಿ ಕಾರ್ಖಾನೆಗಳು ಮುಳುಗಿದಾಗ ಲೋಕದಲ್ಲೆಲ್ಲ ಡಿಸ್ಕಿನ ಬೆಲೆಯು ಏರಿತು.

ಈಗ ನಮ್ಮ ಹುಡುಗಿಯ ಪ್ರಶ್ನೆಗೆ ಬರೋಣ. ಎಸ್‌ಎಸ್‌ಡಿಯಾಗಿದ್ದರೆ ಚಿತ್ರಗಳು ಉಳಿಯುತ್ತಿದ್ದುವೇ? ಮೇಜಿನಿಂದ ಬಿದ್ದುದರ ಮಟ್ಟಿಗೆ ಬಹುಶಃ ಉಳಿಯುತ್ತಿದ್ದುವು. ಒಳಗೆ ತಿರುಗುವುದೂ ತೇಲುವುದೂ ಏನೂ ಇಲ್ಲವಲ್ಲ. ಆ ದಿನ ನಾನು ಕೊಟ್ಟ ಅರ್ಧ ಉತ್ತರವು ಇದೇ.

ಉಳಿದರ್ಧವು ಹೀಗೆ. ಅವಳು ಆ ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು ವರ್ಷಗಟ್ಟಲೆ ಮುಟ್ಟದೆ ಇರುತ್ತಿದ್ದಳು. ಭರಣಿಯು ಎಷ್ಟೇ ಬಿಗಿಯಾಗಿರಲಿ, ಕಣಗಳು ಬಹಳ ನಿಧಾನವಾಗಿ ಸೋರುವುವು. ಮನೆಬಳಕೆಯ ಎಸ್‌ಎಸ್‌ಡಿಗೆ ಉದ್ಯಮದವರು ಇಟ್ಟುಕೊಂಡಿರುವ ನಿಯಮದ ಪ್ರಕಾರ, ಬರವಣಿಗೆಯ ಆಯುಷ್ಯವನ್ನೆಲ್ಲ ಮುಗಿಸಿದ ಡ್ರೈವು ವಿದ್ಯುತ್ತಿಲ್ಲದೆ ೩೦ ಡಿಗ್ರಿ ಉಷ್ಣತೆಯಲ್ಲಿ ಒಂದು ವರ್ಷ ಮಾಹಿತಿಯನ್ನು ಕಾಯಬೇಕು. ಹೊಸದು ಅದಕ್ಕಿಂತ ಬಹಳ ಹೆಚ್ಚು ಕಾಯುವುದು. ಆದರೆ ಸೆಕೆಯು ಹೆಚ್ಚಿದಷ್ಟೂ ಸೋರಿಕೆಯು ಹೆಚ್ಚುವುದು. ರಾಯಚೂರು, ಕಲಬುರಗಿಗಳ ಮೇ ತಿಂಗಳಲ್ಲಿ ಬೀರುವಿನೊಳಗೆ ೩೦ ಡಿಗ್ರಿಯಲ್ಲಿಯೇ ನಿಲ್ಲುವುದೆಂದು ಯಾರು ಹೇಳಬಲ್ಲರು?

ಇನ್ನೊಂದು ಮಾತುಂಟು. ಹಾರ್ಡ್ ಡಿಸ್ಕು ಕೆಡುವ ಮುಂಚೆ ಅನೇಕವೇಳೆ ಸದ್ದು ಮಾಡಿಯೋ ನಿಧಾನವಾಗಿಯೋ ಸೂಚನೆ ಕೊಡುವುದು. ಹೆಡ್ಡು ಮುರಿದರೂ ತಟ್ಟೆಯ ಮೇಲಿನ ಗುರುತುಗಳು ಹೆಚ್ಚಾಗಿ ಹಾಗೆಯೇ ಇರುವುವು. ಧೂಳಿಲ್ಲದ ಕೋಣೆಯಲ್ಲಿ ಬಿಚ್ಚಿ ಬೇರೆ ಹೆಡ್ಡನ್ನು ಜೋಡಿಸಿ ಓದಬಲ್ಲವರು ಇದ್ದಾರೆ. ಎಸ್‌ಎಸ್‌ಡಿಯಲ್ಲಿ ನಾನು ಮೊದಲು ಹೇಳಿದ ಆ ಮೇಲ್ವಿಚಾರಕನು ಒಂದು ದಿನ ಸದ್ದಿಲ್ಲದೆ ನಿಂತುಬಿಟ್ಟರೆ, ಯಾವ ಪುಟವನ್ನು ಯಾವ ಚಿಪ್ಪಿನಲ್ಲಿ ಇಟ್ಟಿದ್ದನೆಂಬುದನ್ನು ಹೊರಗಿನವರು ತಿಳಿಯುವುದು ಬಹು ಕಷ್ಟ. ಅಲ್ಲದೆ ಎಸ್‌ಎಸ್‌ಡಿಯಲ್ಲಿ ಕೈತಪ್ಪಿ ಅಳಿಸಿದ ಚಿತ್ರವನ್ನು ಮತ್ತೆ ಪಡೆಯುವ ಆಸೆಯೂ ಕಡಮೆ. ಅಳಿಸಿದ ಪುಟಗಳನ್ನು ಅದು ಬಿಡುವಿನಲ್ಲಿ ತಾನೇ ಒರಸಿ ಚೊಕ್ಕಟ ಮಾಡಿಟ್ಟುಕೊಳ್ಳುವುದು.

ಅವಳ ಡಿಸ್ಕನ್ನು ಹೀಗೆ ಬಿಚ್ಚಿ ಓದುವವರ ಬಳಿಗೆ ಕಳುಹಿಸಿದೆವು. ಹೆಡ್ಡು ತಟ್ಟೆಯನ್ನು ಒಂದು ಕಡೆ ಕೆರೆದಿತ್ತು. ಹೊಸ ಲ್ಯಾಪ್‌ಟಾಪಿನಷ್ಟು ಖರ್ಚಾಯಿತು. ಚಿತ್ರಗಳಲ್ಲಿ ಸುಮಾರು ಅರ್ಧದಷ್ಟು ಬಂದುವು. ಕಥೆ ಹೇಳುವ ಧ್ವನಿಯು ಪೂರ್ತಿಯಾಗಿ ಬಂದಿತು.

ಈಗ ಅವಳು ದಿನದ ಕೆಲಸಕ್ಕೆ ಎಸ್‌ಎಸ್‌ಡಿಯ ಲ್ಯಾಪ್‌ಟಾಪನ್ನೂ, ಸಂಗ್ರಹಕ್ಕೆ ಎರಡು ಹಾರ್ಡ್ ಡಿಸ್ಕುಗಳನ್ನೂ ಇಟ್ಟುಕೊಂಡಿದ್ದಾಳೆ. ಒಂದು ಅವಳ ಮನೆಯಲ್ಲಿದೆ, ಇನ್ನೊಂದು ಧಾರವಾಡದಲ್ಲಿರುವ ಅಣ್ಣನ ಮನೆಯಲ್ಲಿ. ವರ್ಷಕ್ಕೊಮ್ಮೆ ಮಾವಿನಕಾಯಿ ಉಪ್ಪಿನಕಾಯಿ ಹಾಕುವ ದಿನ ಇಬ್ಬರೂ ತಮ್ಮ ತಮ್ಮ ಡಿಸ್ಕನ್ನು ಹೊರತೆಗೆದು ಜೋಡಿಸಿ, ಎಲ್ಲವೂ ತೆರೆಯುತ್ತದೆಯೇ ಎಂದು ನೋಡಿ, ಅಮ್ಮನ ಕಥೆಯನ್ನು ಒಂದು ಸಲ ಕೇಳಿ, ಮತ್ತೆ ಒಳಗಿಡುತ್ತಾರಂತೆ.